ತಪ್ಪು ಕಚೇರಿಯದು, ವಸೂಲಿ ಯಾರಿಂದ?

ನಿವೃತ್ತಿಗೆ ಕೆಲವು ತಿಂಗಳು ಉಳಿದಿರುವಾಗ ಸರ್ಕಾರಿ ನೌಕರರ ಸೇವಾ ಪುಸ್ತಕ ಕಪಾಟಿನಿಂದ ಹೊರಬರುತ್ತದೆ. ಮೂವತ್ತು ಮೂವತ್ತೈದು ವರ್ಷ ಯಾರೂ ಮೊದಲಿಂದ ಕೊನೆಯವರೆಗೆ ಓದಿರದ ಪುಸ್ತಕ ಅದು. ಅಂಚು ಸವೆದ ಪುಟಗಳಲ್ಲಿ ಬಂದು ಹೋದ ಮೇಲಧಿಕಾರಿಗಳ ಸಹಿಗಳು, ಮಾಸಿದ ಮೊಹರು, ವರ್ಷಕ್ಕೊಂದರಂತೆ ವೇತನ ಬಡ್ತಿಯ ನಮೂದು. ಪಿಂಚಣಿ ಕಾಗದಗಳೊಂದಿಗೆ ಅದು ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ. ಪಿಂಚಣಿ ಪಾವತಿ ಆದೇಶಕ್ಕಾಗಿ ಕಾಯುತ್ತಿದ್ದವರಿಗೆ ಅಲ್ಲಿಂದ ಕೆಲವೊಮ್ಮೆ ಬರುವುದು ಆಕ್ಷೇಪಣೆ: ಇಂಥ ವರ್ಷ ನೀಡಿದ ವೇತನ ಬಡ್ತಿ ನಿಯಮದಂತೆ ಸಲ್ಲುವುದಿಲ್ಲ, ಅಂದಿನಿಂದ ಇಂದಿನವರೆಗೆ ಹೆಚ್ಚುವರಿಯಾಗಿ ಪಾವತಿಯಾದ ಮೊತ್ತವನ್ನು ಲೆಕ್ಕ ಹಾಕಿ ವಸೂಲು ಮಾಡತಕ್ಕದ್ದು.

ಆ ಬಡ್ತಿಯನ್ನು ನೌಕರರು ಕೇಳಿ ಪಡೆದಿರುವುದಿಲ್ಲ. ವಿಷಯ ನಿರ್ವಾಹಕರು ಟಿಪ್ಪಣಿ ಬರೆದು, ಕಚೇರಿ ಮುಖ್ಯಸ್ಥರು ಸಹಿ ಹಾಕಿ, ಖಜಾನೆ ಬಿಲ್ಲು ಪಾಸು ಮಾಡಿ, ಪ್ರತಿ ತಿಂಗಳು ಖಾತೆಗೆ ಜಮೆಯಾದ ಹಣ ಅದು. ಮಗಳ ಮದುವೆಗೋ ಮನೆಯ ಸಾಲದ ಕಂತಿಗೋ ಎಂದೋ ಕರಗಿಹೋಗಿರುತ್ತದೆ. ಅದನ್ನು ಹಿಂದಿರುಗಿಸಲೇಬೇಕೇ ಎಂಬ ಪ್ರಶ್ನೆಗೆ ಕಚೇರಿಯ ಮೊಗಸಾಲೆಯಲ್ಲಿ ಎರಡು ಉತ್ತರ ಸಿಗುತ್ತವೆ. ‘ಸರ್ಕಾರದ ದುಡ್ಡು, ಬಿಡುತ್ತಾರೆಯೇ’ ಎಂಬುದು ಒಂದು. ‘ಸುಪ್ರೀಂ ಕೋರ್ಟ್ ಆದೇಶವಿದೆ, ಒಂದು ಪೈಸೆಯನ್ನೂ ಮುಟ್ಟುವಂತಿಲ್ಲ’ ಎಂಬುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ.

ತಪ್ಪು ನುಸುಳುವ ಜಾಗಗಳು

ವೇತನ ನಿಗದಿ ಎಂಬುದು ನಿಯಮಗಳ ಮೇಲೆ ನಿಯಮ ಕೂತ ಲೆಕ್ಕ. ರಾಜ್ಯ ಸರ್ಕಾರದಲ್ಲಿ ಒಂದೇ ಹುದ್ದೆಯಲ್ಲಿ 10 ವರ್ಷ ಉಳಿದವರಿಗೆ ಕಾಲಮಿತಿ ವೇತನ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ ಎಂಬ ಸೌಲಭ್ಯಗಳಿವೆ. ವೇತನರಹಿತ ರಜೆಯ ಅವಧಿಯನ್ನು ಸೇವೆಗೆ ಸೇರಿಸಬೇಕೇ ಬಿಡಬೇಕೇ, ಇಲಾಖಾ ಪರೀಕ್ಷೆ ತೇರ್ಗಡೆಯಾದದ್ದು ಯಾವಾಗ, ನಡುವೆ ಬಡ್ತಿ ಬಂದಾಗ ನಿರಾಕರಿಸಿದ್ದರೇ ಎಂಬುದನ್ನೆಲ್ಲ ನೋಡಿ ದಿನಾಂಕ ಗೊತ್ತುಮಾಡಬೇಕು. ಒಂದು ದಿನಾಂಕ ತಪ್ಪಿದರೆ ಮುಂದಿನದೆಲ್ಲ ತಪ್ಪು. ಹಿರಿಯ ನೌಕರರ ವೇತನ ಕಿರಿಯರಿಗಿಂತ ಕಡಿಮೆಯಾದಾಗ ಸರಿದೂಗಿಸುವ ಆದೇಶಗಳಲ್ಲೂ ಹೀಗೇ ಆಗುತ್ತದೆ.

ವೇತನ ಪರಿಷ್ಕರಣೆಯ ಹೊತ್ತಿನಲ್ಲಂತೂ ತಪ್ಪುಗಳಿಗೆ ಸುಗ್ಗಿ. 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ ಕರ್ನಾಟಕದ ನೌಕರರ ವೇತನವನ್ನು 2022ರ ಜುಲೈ 1ರ ಸ್ಥಿತಿಗೆ ಕಾಲ್ಪನಿಕವಾಗಿ ನಿಗದಿಪಡಿಸಿ, 2024ರ ಆಗಸ್ಟ್ 1ರಿಂದ ನಗದಾಗಿ ಕೊಡಲಾಯಿತು. ನಡುವಿನ ಎರಡು ವರ್ಷಗಳಲ್ಲಿ ಬಡ್ತಿ ಪಡೆದವರು, ನಿವೃತ್ತರಾದವರು, ಇಲಾಖೆ ಬದಲಿಸಿದವರು ಎಲ್ಲರಿಗೂ ಬೇರೆ ಬೇರೆ ಲೆಕ್ಕ. ಇದನ್ನು ರಾಜ್ಯದ ಉದ್ದಗಲದ ಸಾವಿರಾರು ಕಚೇರಿಗಳಲ್ಲಿ, ನಿತ್ಯದ ಕೆಲಸದ ನಡುವೆ ಮಾಡಿ ಮುಗಿಸಬೇಕು.

ಸಣ್ಣ ತಪ್ಪು ಸಣ್ಣದಾಗಿ ಉಳಿಯುವುದಿಲ್ಲ. ಮೂಲ ವೇತನಕ್ಕೆ ತಿಂಗಳಿಗೆ ₹500 ತಪ್ಪಾಗಿ ಸೇರಿತು ಎಂದಿಟ್ಟುಕೊಂಡರೆ 12 ವರ್ಷಕ್ಕೆ ಮೂಲ ವೇತನ ಒಂದರಲ್ಲೇ ₹72,000 ಆಗುತ್ತದೆ. ತುಟ್ಟಿಭತ್ಯೆಯೂ ಮನೆ ಬಾಡಿಗೆ ಭತ್ಯೆಯೂ ಮೂಲ ವೇತನದ ಶೇಕಡಾವಾರು ಆದ್ದರಿಂದ ಅವೂ ಉಬ್ಬುತ್ತವೆ. ನಡುವೆ ವೇತನ ಪರಿಷ್ಕರಣೆಯಾದರೆ ಆ ಐನೂರೇ ಹಲವು ಪಟ್ಟು ಬೆಳೆಯುತ್ತದೆ. ನಿವೃತ್ತಿಯಾಗುವಾಗ ಸಿಗುವ ಗಳಿಕೆ ರಜೆಯ ನಗದು, ಉಪದಾನ, ಪಿಂಚಣಿ ಎಲ್ಲಕ್ಕೂ ಕೊನೆಯ ವೇತನವೇ ಆಧಾರ. ಗುಮಾಸ್ತರೊಬ್ಬರ ಮೇಲೆ ಎರಡು ಮೂರು ಲಕ್ಷದ ವಸೂಲಿ ಬರುವುದು ಹೀಗೆ.

ಪಿಂಚಣಿ ಶುರುವಾದ ಮೇಲೂ ತಪ್ಪಿಗೆ ಎಡೆಯಿದೆ. ಪಿಂಚಣಿಯ ಒಂದು ಭಾಗವನ್ನು ಪರಿವರ್ತಿಸಿ ಇಡುಗಂಟಾಗಿ ಪಡೆದವರಿಗೆ ಅಷ್ಟನ್ನು ತಿಂಗಳ ಪಿಂಚಣಿಯಲ್ಲಿ 15 ವರ್ಷ ಕಡಿತ ಮಾಡಬೇಕು. ಬ್ಯಾಂಕು ಕಡಿತವನ್ನೇ ಮರೆತ ಉದಾಹರಣೆಗಳಿವೆ. ಕುಟುಂಬ ಪಿಂಚಣಿಯದು ಇನ್ನೂ ಸೂಕ್ಷ್ಮ. ಕೇಂದ್ರ ಸರ್ಕಾರದ ನಿಯಮದಂತೆ ನಿವೃತ್ತರು ತೀರಿಕೊಂಡರೆ ಕುಟುಂಬಕ್ಕೆ ಹೆಚ್ಚಿನ ದರದ ಪಿಂಚಣಿ 7 ವರ್ಷ, ಇಲ್ಲವೇ ಮೃತರು ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಆಮೇಲೆ ಅದು ಕೊನೆಯ ವೇತನದ ಶೇ 30ಕ್ಕೆ ಇಳಿಯಬೇಕು. ಇಳಿಸುವ ದಿನಾಂಕವನ್ನು ಗಣಕಯಂತ್ರಕ್ಕೆ ತುಂಬದೆ ಹೋದರೆ, ಪಾಸ್‌ಪುಸ್ತಕದಲ್ಲಿ ಒಂದೇ ಮೊತ್ತ ವರ್ಷಗಟ್ಟಲೆ ಬೀಳುತ್ತಲೇ ಇರುತ್ತದೆ. ಎಪ್ಪತ್ತರ ವಿಧವೆಗೆ ಅದು ತಪ್ಪು ಎಂದು ತಿಳಿಯುವ ದಾರಿ ಯಾವುದೂ ಇಲ್ಲ.

ತಿದ್ದುವುದು ಬೇರೆ, ವಸೂಲಿ ಬೇರೆ

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಗೊಂದಲಕ್ಕೆಲ್ಲ ಅದೇ ಮೂಲ. ತಪ್ಪಾದ ವೇತನವನ್ನೋ ಪಿಂಚಣಿಯನ್ನೋ ಇನ್ನು ಮುಂದೆ ಸರಿಯಾದ ಮೊತ್ತಕ್ಕೆ ಇಳಿಸಬಹುದೇ ಎಂಬುದು ಮೊದಲನೆಯದು. ಈಗಾಗಲೇ ಕೊಟ್ಟ ಹೆಚ್ಚುವರಿಯನ್ನು ಹಿಂಪಡೆಯಬಹುದೇ ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಸಾಮಾನ್ಯವಾಗಿ ಹೌದು. ತಪ್ಪು ಎಷ್ಟು ಹಳೆಯದಾದರೂ ಅದು ಹಕ್ಕಾಗಿ ಮಾರ್ಪಡುವುದಿಲ್ಲ. ಆದರೆ ಇದಕ್ಕೂ ಬೇಲಿಯಿದೆ. ಕೇಂದ್ರ ನಾಗರಿಕ ಸೇವಾ ಪಿಂಚಣಿ ನಿಯಮಗಳು, 2021ರ ಪ್ರಕಾರ ಒಮ್ಮೆ ಮಂಜೂರಾದ ಪಿಂಚಣಿಯನ್ನು ಪಿಂಚಣಿದಾರರಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ ಬರವಣಿಗೆಯ ಅಥವಾ ಲೆಕ್ಕದ ತಪ್ಪು ಕಣ್ಣಿಗೆ ಬಿದ್ದಿರಬೇಕು. ಮಂಜೂರಾಗಿ ಎರಡು ವರ್ಷ ಕಳೆದ ಮೇಲೆ ಆ ತಪ್ಪು ಪತ್ತೆಯಾದರೆ ಪಿಂಚಣಿ ಇಲಾಖೆಯ ಒಪ್ಪಿಗೆಯಿಲ್ಲದೆ ಕಡಿಮೆ ಮಾಡುವಂತಿಲ್ಲ.

ನ್ಯಾಯಾಲಯಗಳು ಮೂರು ದಶಕಗಳಿಂದ ತೂಗುತ್ತಾ ಬಂದಿರುವುದು ಎರಡನೆಯ ಪ್ರಶ್ನೆಯನ್ನು. ತಪ್ಪಿನಿಂದ ಹಣ ಪಡೆದವರು ಅದನ್ನು ಮರಳಿಸಬೇಕು ಎಂಬುದು 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮಿನ ಮಾತು. ಅಂಗಡಿಯವನು ನೂರರ ನೋಟೆಂದು ಐನೂರರದ್ದನ್ನು ಚಿಲ್ಲರೆಯಲ್ಲಿ ಕೊಟ್ಟರೆ ಅದು ಕೊಂಡವನದಾಗುವುದಿಲ್ಲ. ಆದರೆ ಚಿಲ್ಲರೆಯ ತಪ್ಪು ಅಂಗಡಿಯ ಕಟ್ಟೆ ಇಳಿಯುವ ಮುನ್ನವೇ ತಿಳಿಯುತ್ತದೆ. ಹದಿನೈದು ವರ್ಷ ಪ್ರತಿ ತಿಂಗಳೂ ಅದೇ ತಪ್ಪು ನಡೆದು, ಪಡೆದವರು ಅದನ್ನೇ ತಮ್ಮ ಸಂಬಳವೆಂದು ನಂಬಿ ಬದುಕು ಕಟ್ಟಿಕೊಂಡಾಗ ಏನು ಮಾಡಬೇಕು ಎಂಬುದಕ್ಕೆ ಆ ಕಲಮಿನಲ್ಲಿ ಉತ್ತರವಿಲ್ಲ.

ತೀರ್ಪುಗಳ ದಾರಿ

1994ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದವರು ಔಷಧಿ ವಿತರಕರು. ಅವರಿಗೆ 1973ರಿಂದ ತಪ್ಪಾಗಿ ಮೇಲಿನ ವೇತನ ಶ್ರೇಣಿ ಕೊಟ್ಟಿದ್ದ ಸರ್ಕಾರ 1984ರಲ್ಲಿ ಅದನ್ನು ಹಿಂದಿನಿಂದಲೇ ಜಾರಿಯಾಗುವಂತೆ ಇಳಿಸಿತ್ತು. ಶ್ರೇಣಿ ಇಳಿಸಿದ್ದು ಸರಿ, ಆದರೆ ಅವರದೇನೂ ತಪ್ಪಿಲ್ಲದಿರುವಾಗ ಕೊಟ್ಟದ್ದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ ಎಂದಿತು ನ್ಯಾಯಾಲಯ. ಅದೇ ವರ್ಷ ಹರಿಯಾಣದ ಗ್ರಂಥಪಾಲಕರೊಬ್ಬರ ಪ್ರಕರಣದಲ್ಲೂ ಇದೇ ದಾರಿ ಹಿಡಿಯಿತು.

ಬಿಹಾರದ ಶಿಕ್ಷಕರ ಪ್ರಕರಣದಲ್ಲಿ, 2008ರ ಡಿಸೆಂಬರಿನಲ್ಲಿ, ಈ ದಯೆಯ ಗಡಿರೇಖೆ ಸ್ಪಷ್ಟವಾಯಿತು. ನೌಕರರು ಸುಳ್ಳು ಹೇಳಿರಬಾರದು, ವಂಚಿಸಿರಬಾರದು. ನಿಯಮವನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದು ಅಥವಾ ತಪ್ಪು ಸೂತ್ರ ಹಚ್ಚಿದ್ದು ಸರ್ಕಾರವೇ ಆಗಿರಬೇಕು. ತನಗೆ ಬರುತ್ತಿರುವುದು ಹೆಚ್ಚಿನ ಹಣ ಎಂದು ನೌಕರರಿಗೆ ಮೊದಲೇ ತಿಳಿದಿದ್ದರೆ, ಅಥವಾ ಪಾವತಿಯಾದ ಸ್ವಲ್ಪ ಕಾಲದಲ್ಲೇ ತಪ್ಪು ಪತ್ತೆಯಾಗಿದ್ದರೆ, ಈ ರಕ್ಷಣೆ ಸಿಗದು. ಜೊತೆಗೆ ನ್ಯಾಯಾಲಯ ಇನ್ನೊಂದನ್ನೂ ಹೇಳಿತು: ಇದು ನೌಕರರ ಹಕ್ಕಲ್ಲ, ಅವರಿಗೆ ಒದಗುವ ಕಷ್ಟವನ್ನು ನೋಡಿ ನ್ಯಾಯಾಲಯ ತೋರುವ ವಿವೇಚನೆ. ‘ಕೋರ್ಟ್ ಆದೇಶವಿದೆ’ ಎಂದು ಧೈರ್ಯವಾಗಿರುವವರು ಮರೆಯುವುದು ಈ ಮಾತನ್ನೇ.

2012ರಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಉತ್ತರಾಖಂಡದ ಶಿಕ್ಷಕರ ಪ್ರಕರಣದಲ್ಲಿ ದ್ವಿಸದಸ್ಯ ಪೀಠ, ಹೆಚ್ಚುವರಿಯಾಗಿ ಹೋದ ಹಣ ತೆರಿಗೆದಾರರದ್ದು, ಅದು ಕೊಟ್ಟ ಅಧಿಕಾರಿಯದೂ ಅಲ್ಲ ಪಡೆದ ನೌಕರನದೂ ಅಲ್ಲ, ತೀವ್ರ ಸಂಕಷ್ಟದ ಕೆಲವು ಸಂದರ್ಭಗಳನ್ನು ಬಿಟ್ಟರೆ ಅದನ್ನು ವಸೂಲು ಮಾಡಲೇಬೇಕು ಎಂಬ ನಿಲುವು ತಾಳಿತು. ಎರಡು ಬಗೆಯ ತೀರ್ಪುಗಳು ಎದುರುಬದುರಾದಂತೆ ಕಂಡಿದ್ದರಿಂದ ವಿಷಯ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಹಿಂದಿನವು ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರದಲ್ಲಿ ನೀಡಿದ ಪರಿಹಾರಗಳು, ಆದ್ದರಿಂದ ಘರ್ಷಣೆಯಿಲ್ಲ ಎಂದು ಆ ಪೀಠ 2014ರ ಜುಲೈನಲ್ಲಿ ಹೇಳಿ ಪ್ರಕರಣವನ್ನು ಹಿಂದಕ್ಕೆ ಕಳಿಸಿತು.

ಐದು ಸಂದರ್ಭಗಳು

ಆಗ ಬಂದದ್ದು ಇಂದು ಪ್ರತಿ ಆಕ್ಷೇಪಣೆಯಲ್ಲೂ ಉಲ್ಲೇಖವಾಗುವ ತೀರ್ಪು: ಪಂಜಾಬ್ ರಾಜ್ಯ ಮತ್ತು ರಫೀಕ್ ಮಸೀಹ್ ಪ್ರಕರಣ, 2014ರ ಡಿಸೆಂಬರ್ 18. ನ್ಯಾಯಮೂರ್ತಿ ಜಗದೀಶ್ ಸಿಂಗ್ ಖೇಹರ್ ಮತ್ತು ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರ ಪೀಠ, ವಸೂಲಿ ಸಲ್ಲದ ಎಲ್ಲ ಸಂದರ್ಭಗಳನ್ನೂ ಮೊದಲೇ ಊಹಿಸಿ ಹೇಳಲಾಗದು ಎಂದು ಒಪ್ಪಿಕೊಂಡೇ ಐದನ್ನು ಗುರುತಿಸಿತು.

ಗ್ರೂಪ್ ‘ಸಿ’ ಮತ್ತು ‘ಡಿ’ ನೌಕರರಿಂದ ವಸೂಲಿ ಸಲ್ಲದು. ಈಗಾಗಲೇ ನಿವೃತ್ತರಾದವರಿಂದ, ಅಥವಾ ವಸೂಲಿ ಆದೇಶದ ದಿನದಿಂದ ಒಂದು ವರ್ಷದೊಳಗೆ ನಿವೃತ್ತರಾಗಲಿರುವವರಿಂದ ಸಲ್ಲದು. ಆದೇಶ ಹೊರಡುವ ಮುನ್ನ ಐದು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುವರಿ ಪಾವತಿ ನಡೆದಿದ್ದರೆ ಸಲ್ಲದು. ಕೆಳಗಿನ ಹುದ್ದೆಯವರಿಂದ ಮೇಲಿನ ಹುದ್ದೆಯ ಕೆಲಸವನ್ನು ತಪ್ಪಾಗಿ ಮಾಡಿಸಿ ಅದಕ್ಕೆ ತಕ್ಕ ಸಂಬಳ ಕೊಟ್ಟಿದ್ದರೆ ಸಲ್ಲದು. ಇವು ನಾಲ್ಕು. ಐದನೆಯದು ತೆರೆದ ಬಾಗಿಲು: ಹಣ ಹಿಂಪಡೆಯುವ ಸರ್ಕಾರದ ಹಕ್ಕಿಗಿಂತ ನೌಕರರಿಗೆ ಆಗುವ ಅನ್ಯಾಯವೇ ಮಿಗಿಲೆಂದು ನ್ಯಾಯಾಲಯಕ್ಕೆ ಅನ್ನಿಸುವ ಬೇರೆ ಯಾವುದೇ ಸಂದರ್ಭ.

ಕರ್ನಾಟಕದ ನೌಕರ ವರ್ಗದಲ್ಲಿ ದೊಡ್ಡ ಪಾಲು ಮೊದಲ ಸಂದರ್ಭದೊಳಗೇ ಬರುತ್ತದೆ. ಪ್ರಾಥಮಿಕ ಶಾಲಾ ಶಿಕ್ಷಕರು, ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರು, ಪೊಲೀಸ್ ಕಾನ್‌ಸ್ಟೆಬಲ್‌ಗಳು ಗ್ರೂಪ್ ‘ಸಿ’. ಅದಕ್ಕಿಂತ ಮೇಲಿನ ಗ್ರೂಪ್‌ಗಳವರು ಮಾತ್ರ ನಿವೃತ್ತಿಯ ಗಡುವು ಅಥವಾ ಐದು ವರ್ಷದ ಲೆಕ್ಕದ ಆಸರೆ ಹುಡುಕಬೇಕು.

ಈ ತೀರ್ಪನ್ನು ಆಧರಿಸಿ ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2016ರ ಮಾರ್ಚ್ 2ರಂದು ಜ್ಞಾಪನ ಹೊರಡಿಸಿತು. ಅದರಲ್ಲೊಂದು ಷರತ್ತಿದೆ: ಈ ಐದು ಸಂದರ್ಭಗಳಲ್ಲಿ ವಸೂಲಿ ಮನ್ನಾ ಮಾಡಲು ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯ ಒಪ್ಪಿಗೆ ಬೇಕು. ಕೆಳಗಿನ ಕಚೇರಿಯ ಅಧಿಕಾರಿಗೆ ತೀರ್ಪು ಗೊತ್ತಿದ್ದರೂ ತಾನೇ ಮನ್ನಾ ಮಾಡುವ ಅಧಿಕಾರವಿಲ್ಲ. ವಸೂಲಿ ಆದೇಶಕ್ಕೆ ಸಹಿ ಹಾಕುವುದು ಸುರಕ್ಷಿತ. ಹಾಕದಿದ್ದರೆ ನಾಳೆ ಲೆಕ್ಕಪರಿಶೋಧನೆಯಲ್ಲಿ ಅವನ ಹೆಸರೇ ಬರುತ್ತದೆ. ಇಷ್ಟು ಸ್ಪಷ್ಟವಾದ ತೀರ್ಪು ಬಂದ ಮೇಲೂ ಅಂಥವೇ ಪ್ರಕರಣಗಳು ನ್ಯಾಯಾಲಯಕ್ಕೆ ಬರುತ್ತಲೇ ಇರುವುದಕ್ಕೆ ಕಾನೂನಿನ ಅಸ್ಪಷ್ಟತೆಗಿಂತ ಈ ಭಯವೇ ದೊಡ್ಡ ಕಾರಣ.

2022ರ ಮೇ 2ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕೇರಳದ ಪ್ರಕರಣ ಇದಕ್ಕೆ ಸಾಕ್ಷಿ. ಮುಖ್ಯೋಪಾಧ್ಯಾಯರಾಗಿ 1999ರಲ್ಲಿ ನಿವೃತ್ತರಾದವರ ಉಪದಾನವನ್ನು, ವರ್ಷಗಳ ಹಿಂದೆ ತಪ್ಪಾಗಿ ಕೊಟ್ಟಿದ್ದ ವೇತನ ಬಡ್ತಿಗಳ ಕಾರಣಕ್ಕೆ ತಡೆಹಿಡಿಯಲಾಗಿತ್ತು. ನಿವೃತ್ತಿಯ ನಂತರ 23 ವರ್ಷ ಕಳೆದು ಅವರ ಪರ ತೀರ್ಪು ಬಂತು.

ಮುಚ್ಚಳಿಕೆಯ ಕುಣಿಕೆ

ರಫೀಕ್ ಮಸೀಹ್ ತೀರ್ಪಿನ ಎರಡು ವರ್ಷದೊಳಗೇ, 2016ರ ಜುಲೈ 29ರಂದು, ಅದೇ ನ್ಯಾಯಾಲಯ ಒಂದು ದೊಡ್ಡ ಕಿಂಡಿ ಕೊರೆಯಿತು. ಹರಿಯಾಣದ ನ್ಯಾಯಾಂಗ ಅಧಿಕಾರಿಯೊಬ್ಬರು ಪರಿಷ್ಕೃತ ವೇತನ ಶ್ರೇಣಿ ಆಯ್ದುಕೊಳ್ಳುವಾಗ, ಹೆಚ್ಚು ಪಾವತಿಯಾದದ್ದು ಕಂಡುಬಂದರೆ ಹಿಂದಿರುಗಿಸುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದರು. ಅವರ ಮೇಲೆ ಬಂದದ್ದು ₹1,22,003ರ ವಸೂಲಿ. ಅಷ್ಟರಲ್ಲಿ ಅವರು ಸೇವೆಯಿಂದ ನಿವೃತ್ತರಾಗಿದ್ದರು. ಮುಚ್ಚಳಿಕೆ ಬರೆದವರಿಗೆ, ಹಣ ವಾಪಸು ಹೋಗಬಹುದು ಎಂಬುದು ಮೊದಲೇ ಗೊತ್ತಿತ್ತು, ಆದ್ದರಿಂದ ನಿವೃತ್ತರ ರಕ್ಷಣೆ ಅವರಿಗಿಲ್ಲ ಎಂದಿತು ಸುಪ್ರೀಂ ಕೋರ್ಟ್. ಹಣವನ್ನು ಎರಡು ವರ್ಷದ ಕಂತುಗಳಲ್ಲಿ ವಸೂಲು ಮಾಡಬೇಕೆಂಬುದಷ್ಟೇ ಅವರಿಗೆ ಸಿಕ್ಕ ರಿಯಾಯಿತಿ.

ಮುಚ್ಚಳಿಕೆ ಎಂದರೆ ಏನೆಂಬುದು ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ವೇತನ ಪರಿಷ್ಕರಣೆಯ ಅರ್ಜಿ ನಮೂನೆಯ ಕೊನೆಗೆ ಅಚ್ಚಾದ ನಾಲ್ಕು ಸಾಲು. ಸಹಿ ಹಾಕದಿದ್ದರೆ ಹೊಸ ವೇತನವಿಲ್ಲ. ಆದ್ದರಿಂದ ಎಲ್ಲರೂ ಹಾಕುತ್ತಾರೆ, ಓದುವವರು ವಿರಳ. ಇದನ್ನು ಸ್ವಇಚ್ಛೆಯ ಒಪ್ಪಿಗೆ ಎನ್ನುವುದು ಸ್ವಲ್ಪ ಧಾರಾಳವಾದ ಮಾತೇ ಸರಿ. ಆದರೂ ಇಂದು ವಸೂಲಿ ಪ್ರಕರಣದಲ್ಲಿ ಸರ್ಕಾರಿ ವಕೀಲರು ಮೊದಲು ಹುಡುಕುವುದು ಈ ಕಾಗದವನ್ನು.

ಹಾಗೆಂದು ಮುಚ್ಚಳಿಕೆ ಇದ್ದ ಮಾತ್ರಕ್ಕೆ ಎಲ್ಲ ಮುಗಿಯುವುದೂ ಇಲ್ಲ. ಅದು ಯಾವ ವರ್ಷದ್ದು, ಯಾವ ಪಾವತಿಗೆ ಸಂಬಂಧಿಸಿದ್ದು, ತಪ್ಪು ನಡೆದದ್ದು ಆ ಪಾವತಿಯಲ್ಲೇ ಹೌದೇ ಎಂಬುದನ್ನು ನೋಡಬೇಕಾಗುತ್ತದೆ. ವೇತನ ಪರಿಷ್ಕರಣೆಗೆಂದು ಬರೆದ ಮುಚ್ಚಳಿಕೆ, ಅದಕ್ಕಿಂತ ಎಷ್ಟೋ ಮೊದಲು ನೀಡಿದ ಕಾಲಮಿತಿ ಬಡ್ತಿಯ ತಪ್ಪಿಗೂ ಅನ್ವಯಿಸುತ್ತದೆಯೇ ಎಂಬುದು ವಾದಿಸಬಹುದಾದ ಪ್ರಶ್ನೆ.

ಒಂಬತ್ತು ರೂಪಾಯಿಯ ತೀರ್ಪು

ವಸೂಲಿಗೆ ಮೊದಲು ನೌಕರರ ಮಾತು ಕೇಳಲೇಬೇಕು. ಈ ನಿಯಮದ ಹಿಂದೆ ರೈಲ್ವೆ ಗುಮಾಸ್ತರೊಬ್ಬರ ಪ್ರಕರಣವಿದೆ. 1970ರಲ್ಲಿ ₹190 ಎಂದು ನಿಗದಿಯಾಗಿದ್ದ ಅವರ ಮೂಲ ವೇತನವನ್ನು ಇಪ್ಪತ್ತು ವರ್ಷದ ಮೇಲೆ, 1991ರಲ್ಲಿ, ಹಿಂದಿನಿಂದಲೇ ಜಾರಿಯಾಗುವಂತೆ ₹181ಕ್ಕೆ ಇಳಿಸಲಾಯಿತು. ಮೊತ್ತ ತಿಂಗಳಿಗೆ ಒಂಬತ್ತೇ ರೂಪಾಯಿ. ಆದರೂ ನೋಟಿಸ್ ಕೊಡದೆ, ಸಮಜಾಯಿಷಿ ಕೇಳದೆ ಹೀಗೆ ಮಾಡುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಆ ಆದೇಶವನ್ನು ರದ್ದುಮಾಡಿತು.

2025ರ ಏಪ್ರಿಲ್ 4ರ ಒಡಿಶಾ ಪ್ರಕರಣದಲ್ಲೂ ಈ ಅಂಶ ಮುಖ್ಯವಾಗಿತ್ತು. ಕಟಕ್ ಜಿಲ್ಲಾ ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರರಾಗಿದ್ದವರಿಂದ, ಅವರು ನಿವೃತ್ತರಾಗಿ ಮೂರು ವರ್ಷದ ನಂತರ, ಹಣ ಹಿಂದಿರುಗಿಸುವಂತೆ ಕೇಳಲಾಗಿತ್ತು. ಯಾರ ಬಾಕಿಯೂ ಅರ್ಧ ಲಕ್ಷ ಮುಟ್ಟುತ್ತಿರಲಿಲ್ಲ. ಅವರಿಗೆ ಹೇಳಿಕೊಳ್ಳಲು ಅವಕಾಶವನ್ನೇ ಕೊಟ್ಟಿರಲಿಲ್ಲ, ಅವರಿಂದ ಯಾವ ವಂಚನೆಯೂ ನಡೆದಿರಲಿಲ್ಲ. ವಸೂಲಿ ರದ್ದಾಯಿತು.

ಬ್ಯಾಂಕಿನ ತಪ್ಪಾದರೆ

ಪಿಂಚಣಿ ವಿತರಿಸುವ ಬ್ಯಾಂಕು ಸರ್ಕಾರದ ಏಜೆಂಟ್ ಮಾತ್ರ. ಪಿಂಚಣಿ ಎಷ್ಟೆಂದು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ. ಆದರೆ ಪಿಂಚಣಿ ಖಾತೆ ಶುರುವಾಗುವಾಗ, ಹೆಚ್ಚು ಜಮೆಯಾದರೆ ಹಿಂಪಡೆಯಲು ಒಪ್ಪಿಗೆಯಿದೆ ಎಂಬ ಮುಚ್ಚಳಿಕೆಯನ್ನು ಅದೂ ಬರೆಸಿಕೊಂಡಿರುತ್ತದೆ. ಅದರ ಬಲದಲ್ಲಿ, ಮುನ್ಸೂಚನೆಯಿಲ್ಲದೆ ಖಾತೆಯಿಂದಲೇ ಕಡಿತ ಮಾಡುವ ರೂಢಿ ಬೆಳೆದುಬಂತು. ಪಾಸ್‌ಪುಸ್ತಕ ತುಂಬಿಸಿದಾಗಲೇ ವಿಷಯ ತಿಳಿಯುವುದು.

2020ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಇಂಥದ್ದೊಂದು ಬಂತು. ಎಂಬತ್ತು ದಾಟಿದ, ಶಸ್ತ್ರಾಸ್ತ್ರ ಕಾರ್ಖಾನೆಯ ನಿವೃತ್ತರೊಬ್ಬರಿಗೆ 2007ರಿಂದ ತಿಂಗಳಿಗೆ ₹872 ಹೆಚ್ಚು ಹೋಗಿದೆ ಎಂದು ಬ್ಯಾಂಕು ಸುಮಾರು ₹3.69 ಲಕ್ಷ ಮುರಿದುಕೊಳ್ಳಲು ಹೊರಟಿತ್ತು. ಪಿಂಚಣಿ ಮಂಜೂರು ಮಾಡಿದ ಕಚೇರಿ ಮೊದಲಿನ ಲೆಕ್ಕವೇ ಸರಿ ಎಂದಿತು. ಪೀಠ ವಸೂಲಿಯನ್ನು ರದ್ದುಪಡಿಸಿ ಬ್ಯಾಂಕಿನ ಮೇಲೆ ₹50,000 ದಂಡರೂಪದ ಖರ್ಚು ಹೊರಿಸಿತು. ಬ್ಯಾಂಕಿನಿಂದ ಇಂಥ ಪತ್ರ ಬಂದಾಗ ಮೊದಲು ವಿಚಾರಿಸಬೇಕಾದದ್ದು ಪಿಂಚಣಿ ಮಂಜೂರು ಮಾಡಿದ ಕಚೇರಿಯಲ್ಲಿ ಎಂಬುದು ಇದರಿಂದ ತಿಳಿಯುತ್ತದೆ.

ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ಹೆಚ್ಚುವರಿ ಪಿಂಚಣಿ ವಸೂಲಿಯ ತನ್ನ ಹಳೆಯ ಸುತ್ತೋಲೆಗಳನ್ನು ಹಿಂಪಡೆದು, ವಸೂಲಿಯ ಕ್ರಮಕ್ಕಾಗಿ ಬ್ಯಾಂಕುಗಳು ಪಿಂಚಣಿ ಮಂಜೂರಾತಿ ಪ್ರಾಧಿಕಾರದ ಮಾರ್ಗದರ್ಶನ ಪಡೆಯಬೇಕೆಂದಿತು. ತಪ್ಪು ಬ್ಯಾಂಕಿನದೇ ಆಗಿದ್ದರೆ, ಪಿಂಚಣಿದಾರರಿಂದ ಹಣ ಬರಲೆಂದು ಕಾಯದೆ ಬ್ಯಾಂಕು ತಕ್ಷಣ ಸರ್ಕಾರಕ್ಕೆ ಒಟ್ಟು ಮೊತ್ತ ಕಟ್ಟಬೇಕು. ಪಿಂಚಣಿ ತಡವಾದರೆ ಬ್ಯಾಂಕು ತಾನಾಗಿಯೇ ವರ್ಷಕ್ಕೆ ಶೇ 8ರ ದರದಲ್ಲಿ ಪರಿಹಾರ ಜಮೆ ಮಾಡಬೇಕೆಂಬ ನಿಯಮವೂ ಇದೆ. ಅದು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ.

ನೌಕರರಲ್ಲದವರಿಗೆ

ಮೇಲಿನ ತೀರ್ಪುಗಳೆಲ್ಲ ನೌಕರರು ಮತ್ತು ಪಿಂಚಣಿದಾರರ ಕುರಿತಾದವು. ಸರ್ಕಾರಿ ಯೋಜನೆಗಳ ಫಲಾನುಭವಿಗಳ ಮಾತು ಬೇರೆ. ಪಿಎಂ ಕಿಸಾನ್, ಗೃಹಲಕ್ಷ್ಮಿಯಂಥ ಯೋಜನೆಗಳಲ್ಲಿ ಅರ್ಜಿದಾರರ ಸ್ವಯಂ ಘೋಷಣೆಯೇ ಬುನಾದಿ. ಆದಾಯ ತೆರಿಗೆ ಕಟ್ಟುವವರು ವರ್ಷಕ್ಕೆ ₹6,000 ಕೊಡುವ ಪಿಎಂ ಕಿಸಾನ್‌ಗೆ ಅರ್ಹರಲ್ಲ. ಅರ್ಹತೆಯಿಲ್ಲದೆ ಪಡೆದವರಿಂದ ಹಣ ವಾಪಸು ಕೇಳಿದಾಗ, ತಪ್ಪು ಅಧಿಕಾರಿಯದು ಎಂಬ ವಾದಕ್ಕೆ ಬಲ ಕಡಿಮೆ. ಎಲ್ಲ ಸಂಗತಿಯನ್ನೂ ನಿಜವಾಗಿ ತುಂಬಿದ ಅರ್ಜಿಯನ್ನು ಕಚೇರಿಯೇ ತಪ್ಪಾಗಿ ಮಂಜೂರು ಮಾಡಿದ್ದರೆ ಆ ಅರ್ಜಿಯ ಪ್ರತಿಯೇ ರಕ್ಷೆ.

ವಿದೇಶದಲ್ಲಿರುವ ಕನ್ನಡಿಗರು ಬೇರೆ ಬೇರೆ ನಿಯಮಗಳನ್ನು ಎದುರಿಸುತ್ತಾರೆ. ಬ್ರಿಟನ್ನಿನ ಹಳೆಯ ಸೌಲಭ್ಯಗಳಲ್ಲಿ ಫಲಾನುಭವಿ ತಪ್ಪು ಮಾಹಿತಿ ಕೊಟ್ಟಿದ್ದರೆ ಅಥವಾ ಮುಚ್ಚಿಟ್ಟಿದ್ದರೆ ಮಾತ್ರ ವಸೂಲಿ ಇತ್ತು; 2012ರ ಕಾಯ್ದೆಯ ನಂತರ ಬಂದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಅಧಿಕಾರಿಯ ತಪ್ಪಿನಿಂದ ಹೋದದ್ದನ್ನೂ ವಸೂಲು ಮಾಡಬಹುದು. ಅಮೆರಿಕದ ಸೋಷಿಯಲ್ ಸೆಕ್ಯೂರಿಟಿಯಲ್ಲಿ, ತನ್ನ ತಪ್ಪಿಲ್ಲ ಮತ್ತು ಹಿಂದಿರುಗಿಸುವುದು ಕಷ್ಟ ಎಂದು ತೋರಿಸಿದವರು ಮನ್ನಾ ಕೋರಬಹುದು. ಆಸ್ಟ್ರೇಲಿಯಾದ ‘ರೋಬೋಡೆಟ್’ ಎಂಬ ವಸೂಲಿ ಯೋಜನೆ ಇನ್ನೂ ವಿಚಿತ್ರ. ವರ್ಷದ ಆದಾಯವನ್ನು ಎರಡೆರಡು ವಾರಗಳಿಗೆ ಸರಾಸರಿ ಹಂಚಿ ಗಣಕಯಂತ್ರ ಇಲ್ಲದ ಸಾಲವನ್ನೇ ಹುಟ್ಟುಹಾಕಿತ್ತು. ವಿಚಾರಣಾ ಆಯೋಗ 2023ರಲ್ಲಿ ಅದನ್ನು ಕಟುವಾಗಿ ಖಂಡಿಸಿತು.

ನೋಟಿಸ್ ಕೈಗೆ ಬಂದಾಗ

ಬಾಯಿಮಾತಿನ ವಸೂಲಿಗೆ ತಲೆಬಾಗಬೇಕಿಲ್ಲ. ‘ಚಲನ್ ಕಟ್ಟಿಬಿಡಿ, ಪಿಂಚಣಿ ಬೇಗ ಆಗುತ್ತದೆ’ ಎಂಬ ಸಲಹೆ ಸದುದ್ದೇಶದ್ದೇ ಇರಬಹುದು. ಆದರೆ ತಾವಾಗಿ ಕಟ್ಟಿದ ಹಣವನ್ನು ಮರಳಿ ಪಡೆಯುವುದು, ಕಟ್ಟದೆ ಆಕ್ಷೇಪಿಸುವುದಕ್ಕಿಂತ ಕಷ್ಟ. ಕಟ್ಟಲೇಬೇಕಾದ ಒತ್ತಡವಿದ್ದರೆ ‘ನನ್ನ ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದು ಕಟ್ಟಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಾರದು.

ಮೊದಲು ಬೇಕಾದದ್ದು ಕಾಗದ: ವಸೂಲಿ ಆದೇಶದ ಪ್ರತಿ, ಆಕ್ಷೇಪಣೆಯ ಪ್ರತಿ, ವರ್ಷವಾರು ಲೆಕ್ಕದ ಪಟ್ಟಿ, ಸೇವಾ ಪುಸ್ತಕದ ಸಂಬಂಧಪಟ್ಟ ಪುಟಗಳು, ಬರೆದುಕೊಟ್ಟಿದ್ದಾರೆ ಎನ್ನಲಾದ ಮುಚ್ಚಳಿಕೆ. ಕಚೇರಿ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ₹10 ಶುಲ್ಕದ ಅರ್ಜಿ ಹಾಕಿದರೆ 30 ದಿನದಲ್ಲಿ ಕೊಡಬೇಕು. ಲೆಕ್ಕವನ್ನು ಕೂತು ನೋಡುವುದು ಬೇಸರದ ಕೆಲಸವಾದರೂ ಬಿಡುವಂತಿಲ್ಲ. ವಸೂಲಿಯ ಲೆಕ್ಕವೂ ಅದೇ ಕಚೇರಿಯದು, ಅದರಲ್ಲೂ ತಪ್ಪಿರಬಹುದು. ಕೆಲವೊಮ್ಮೆ ಬಡ್ತಿ ಸರಿಯಾಗಿಯೇ ಇದ್ದು, ಆಕ್ಷೇಪಣೆಯೇ ತಪ್ಪೆಂದು ತಿಳಿಯುತ್ತದೆ.

ಆಮೇಲೆ ಲಿಖಿತ ಮನವಿ. ನೌಕರರ ಗ್ರೂಪ್ ಯಾವುದು, ನಿವೃತ್ತಿಯ ದಿನಾಂಕ ಯಾವುದು, ಹೆಚ್ಚುವರಿ ಪಾವತಿ ಯಾವಾಗಿನಿಂದ ನಡೆದಿದೆ, ತಾವು ಯಾವ ತಪ್ಪು ಮಾಹಿತಿಯನ್ನೂ ಕೊಟ್ಟಿಲ್ಲ ಎಂಬುದನ್ನು ದಿನಾಂಕಗಳ ಸಮೇತ ಬರೆದು, ರಫೀಕ್ ಮಸೀಹ್ ತೀರ್ಪಿನ ಯಾವ ಸಂದರ್ಭಕ್ಕೆ ತಮ್ಮದು ಸೇರುತ್ತದೆಂದು ತಿಳಿಸಿದರೆ ಒಂದೆರಡು ಪುಟ ಸಾಕು. ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ವಸೂಲಿ ತಪ್ಪದು ಎಂದಾದರೆ ಸಣ್ಣ ಕಂತುಗಳಿಗೆ ಕೇಳುವುದನ್ನೂ ಅದರಲ್ಲೇ ಪರ್ಯಾಯವಾಗಿ ಸೇರಿಸಬಹುದು.

ಮನವಿಗೆ ‘ಅವಕಾಶವಿರುವುದಿಲ್ಲ’ ಎಂಬ ಹಿಂಬರಹ ಬಂದರೆ ಮುಂದಿನ ಮೆಟ್ಟಿಲು ನ್ಯಾಯಮಂಡಳಿ. ರಾಜ್ಯ ಸರ್ಕಾರಿ ನೌಕರರಿಗೆ ಬೆಂಗಳೂರಿನಲ್ಲಿ ಮುಖ್ಯ ಪೀಠವೂ ಬೆಳಗಾವಿ, ಕಲಬುರಗಿಯಲ್ಲಿ ಪೀಠಗಳೂ ಇರುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಕೇಂದ್ರದವರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ. ಅನುದಾನಿತ ಶಾಲೆಯ ಶಿಕ್ಷಕರು ನೇರವಾಗಿ ಹೈಕೋರ್ಟಿಗೆ ಹೋಗುತ್ತಾರೆ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯಂತೆ ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷದ ಗಡುವು. ವಸೂಲಿ ನಡೆಯುತ್ತಿದ್ದರೆ ಅರ್ಜಿಯ ಜೊತೆಗೇ ತಡೆಯಾಜ್ಞೆ ಕೋರಬೇಕು.

ಐದು ಸಂದರ್ಭಗಳಲ್ಲಿ ಒಂದಕ್ಕೆ ಸೇರಿದ್ದು, ಮುಚ್ಚಳಿಕೆಯ ತೊಡಕಿಲ್ಲದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಬರುವ ಆದೇಶಕ್ಕೆ ಎರಡು ಭಾಗ. ವಸೂಲಿ ರದ್ದಾಗುತ್ತದೆ, ಈಗಾಗಲೇ ಕಟಾಯಿಸಿದ ಮೊತ್ತವನ್ನು ಇಷ್ಟು ತಿಂಗಳಲ್ಲಿ ಹಿಂದಿರುಗಿಸುವಂತೆ ಇಲಾಖೆಗೆ ಸೂಚನೆ ಹೋಗುತ್ತದೆ. ವೇತನದ ಮರುನಿಗದಿ ಮಾತ್ರ ಹಾಗೆಯೇ ಉಳಿದು, ಪಿಂಚಣಿ ತಿದ್ದಿದ ಮೊತ್ತದಲ್ಲಿ ಮುಂದುವರಿಯುತ್ತದೆ.